ಕಂಡಕ್ಟ್ರಮ್ಮನ ಹಾಸಿಗೆ

ಗಾಳಿಯಣ್ಣ ಹಾಸಿಗೆಯ ಮೇಲೆ ಅಂಗೈಯಿಂದ ಪಟ್ಟನೆ ಒಂದು ಬಾರಿಸಿ, ಬಗ್ಗಿ ಕಿವಿ ಆನಿಸಿದ. ಲಾರಿ ಟೈರಿಗೆ ಕಬ್ಬಿಣದ ರಾಡಿನಿಂದ ತಟ್ಟಿ, ಸದ್ದು ಕೇಳಿಯೇ ಒಳಗಿನ ಗಾಳಿಯ ಹದ ಹೇಳುವವನು ಅವನು. ಮುಖ್ಯರಸ್ತೆಯ ತಿರುವಿನ ಪಂಕ್ಚರ್ ಅಂಗಡಿಯಲ್ಲಿ ತಲೆ ನರೆಸಿಕೊಂಡವನಿಗೆ, ಗಾಳಿಯ ವಿಷಯದಲ್ಲಿ ತನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಎಂಬ ಸಣ್ಣ ಜಂಬವಿತ್ತು. ಆ ಜಂಬವನ್ನು ಅವತ್ತು ಬಾಗಿಲ ಹೊರಗೆ ಬಿಟ್ಟು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

“ಸರ್, ಇದು ಹಾಸಿಗೆ. ಡೋಲಲ್ಲ,” ಎಂದ ಸೇಲ್ಸ್‌ಮನ್. ಕುತ್ತಿಗೆಗೆ ಟೈ, ಟೈಗೆ ಪಿನ್ನು, ಪಿನ್ನಿನ ಮೇಲೊಂದು ನಗುಮುಖದ ಚಿತ್ರ. ಅವನ ಮುಖದಲ್ಲಿಲ್ಲದ ನಗುವನ್ನು ಮಾಲೀಕರು ಅಲ್ಲಿ ಅಂಟಿಸಿದ್ದರು.

“ನೀವು ಹೇಳೋ ಬೆಲೆಗೆ ಡೋಲು ಕೊಟ್ಟು ಬಾರಿಸೋರನ್ನೂ ಜೊತೇಲಿ ಕಳಿಸ್ಬಹುದಿತ್ತು,” ಎಂದಳು ನಾದಿನಿ. ಹೆಂಡತಿಯ ತಂಗಿ ಅವಳು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಇಸ್ತ್ರಿ ಪೆಟ್ಟಿಗೆಯ ಬಿಸಿ ನಾಲಿಗೆಗೂ ಸ್ವಲ್ಪ ಹತ್ತಿತ್ತು.

ಕಾಯಿಲೆಯವರ ಸಾಮಾನು ಮಾರುವ ಅಂಗಡಿ. ಊರುಗೋಲು, ಗಾಲಿಕುರ್ಚಿ, ಬೆಡ್‌ಪ್ಯಾನು ಎಲ್ಲ ಹೊಳೆಯುವ ಪ್ಲಾಸ್ಟಿಕ್ ಸುತ್ತಿಕೊಂಡು ಉಡುಗೊರೆಗಳ ಹಾಗೆ ಕೂತಿದ್ದವು. ಹಾಸಿಗೆ ಹುಣ್ಣು ಆಗದಂತೆ ತಡೆಯುವ ಹಾಸಿಗೆಗಳನ್ನು ಸೇಲ್ಸ್‌ಮನ್ ಒಂದೊಂದಾಗಿ ತೋರಿಸಿದ. ಮೊದಲನೆಯದು ದಪ್ಪ ಫೋಮು. ಮೇಲ್ಮೈಯನ್ನು ಚಾಕೊಲೇಟ್ ಬಿಲ್ಲೆಯ ಹಾಗೆ ಚೌಕ ಚೌಕವಾಗಿ ಸೀಳಿದ್ದರು. “ಇದು ಬರೀ ಸ್ಪಂಜು,” ಎಂದು ಗಾಳಿಯಣ್ಣ ಮೂಗು ಮುರಿದ. ಇನ್ನೊಂದು ನೀರಿನದು. ಒತ್ತಿದರೆ ಗುಳುಗುಳು ಎಂದಿತು. “ಇದ್ರಲ್ಲಿ ಮೀನು ಸಾಕ್ಬಹುದು, ನಮ್ಮಕ್ಕನ್ನಲ್ಲ,” ಎಂದಳು ನಾದಿನಿ. ಕೊನೆಯದನ್ನು ಕಂಡದ್ದೇ ಗಾಳಿಯಣ್ಣನ ಮುಖ ಅರಳಿತು. ತೋಳುದಪ್ಪದ ಟ್ಯೂಬುಗಳು ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಜೋಡಿಸಿಕೊಂಡಿದ್ದವು. ಕಾಲ ಬಳಿ ತೂಗುಹಾಕಿದ ಪುಟ್ಟ ಪಂಪು ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಒಂದು ಬಿಟ್ಟು ಒಂದು ಟ್ಯೂಬು ಉಬ್ಬುತ್ತದೆ, ನಡುವಿನವು ಇಳಿಯುತ್ತವೆ. ಕೊಂಚ ಹೊತ್ತಿಗೆ ಇಳಿದವು ಏಳುತ್ತವೆ, ಎದ್ದವು ಇಳಿಯುತ್ತವೆ.

“ಮೈಯ ಒಂದೇ ಜಾಗದ ಮೇಲೆ ಭಾರ ನಿಲ್ಲಲ್ಲ ಸರ್. ರಕ್ತ ಓಡಾಡ್ತಾ ಇರುತ್ತೆ.”

“ಅಂದ್ರೆ ಪಾಳಿ ಮೇಲೆ ಕೆಲಸ,” ಎಂದ ಗಾಳಿಯಣ್ಣ ಪ್ರೀತಿಯಿಂದ ಪಂಪನ್ನು ಸವರುತ್ತ. “ಒಂದು ಪಾಳಿ ಹೊರುತ್ತೆ, ಇನ್ನೊಂದು ಪಾಳಿ ಸುಧಾರಿಸ್ಕೊಳ್ಳುತ್ತೆ. ನಮ್ಮ ಕಂಡಕ್ಟ್ರಮ್ಮನಿಗೆ ಹೇಳಿ ಮಾಡಿಸಿದ ಹಾಗಿದೆ.”

“ಭಾವ, ಅಕ್ಕನ್ನ ಒಂದು ಮಾತು ಕೇಳೋಣ್ವಾ?”

“ಅವಳನ್ನ ಕೇಳಿದ್ರೆ ಬೇಡಿಕೆಯಿಂದ ಶುರುವಾಗಿ ಮುಷ್ಕರದಲ್ಲಿ ನಿಲ್ಲುತ್ತೆ. ಸುಮ್ನೆ ತಗೊಂಡು ಹೋಗಿ ಹಾಸೋಣ. ಮಲಗಿದ್ಮೇಲೆ ಅವಳೇ ಹೊಗಳ್ತಾಳೆ.”

“ಅಕ್ಕ? ನಿಮ್ಮನ್ನ? ಹೊಗಳೋದು?” ಎಂದು ನಾದಿನಿ ಒಂದೊಂದೇ ಮಾತನ್ನು ಬೇರೆ ಬೇರೆ ಮಡಿಚಿಟ್ಟಳು.

ಕಂಡಕ್ಟ್ರಮ್ಮ ಅವನ ಹೆಂಡತಿ. ಸಿಟಿ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದವಳು. ಅವಳು ಒಮ್ಮೆ “ಹೋಲ್ಡಾನ್” ಎಂದರೆ ಹಿಂದಿನ ಬಸ್ಸೂ ನಿಲ್ಲುತ್ತದೆಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ಬಸ್ಸಿನ ಮುಂಭಾಗದಲ್ಲಿ ಕಂಡಕ್ಟರಿಗೆಂದು ಒಂದು ಸೀಟಿತ್ತು. ಅಲ್ಲಿ ಪ್ರಯಾಣಿಕನನ್ನು ಕೂರಿಸಿದರೆ ಇನ್ನೊಂದು ಟಿಕೆಟ್ ಹೆಚ್ಚು ಬರುತ್ತದೆಂದು ಕಂಪನಿಯವರು ಅದನ್ನೂ ಮಾರಿಬಿಟ್ಟರು. ಕಂಡಕ್ಟರ್ ನಿಂತೇ ದುಡಿಯಲಿ, ಕಾಲು ಇರುವುದು ಮತ್ತೇಕೆ? ತಣ್ಣನೆಯ ಕೋಣೆಯಲ್ಲಿ, ತಿರುಗುವ ಕುರ್ಚಿಯಲ್ಲಿ ಕೂತು ಮಾಡಿದ ತೀರ್ಮಾನ ಅದು. ಹಾಗೆ ಕೂತವರು ಯಾರೂ ಒಂದು ದಿನವಾದರೂ ಬಸ್ಸಿನಲ್ಲಿ ನಿಂತು ನೋಡಿರಲಿಲ್ಲ. ಆ ಒಂದು ಸೀಟಿಗಾಗಿ ಕಂಡಕ್ಟ್ರಮ್ಮ ಸಹಿ ಸಂಗ್ರಹಿಸಿದಳು, ಡಿಪೋ ಗೇಟಿನಲ್ಲಿ ಧರಣಿ ಕೂತಳು, ಸಸ್ಪೆಂಡ್ ಆದಳು, ಮತ್ತೆ ಬಂದು ನಿಂತಳು. ಹಾಗೆ ನಿಂತು ಟಿಕೆಟ್ ಕೊಡುತ್ತಿದ್ದಾಗಲೇ ಒಂದು ದಿನ ಬಸ್ಸು ಗಕ್ಕನೆ ಬ್ರೇಕು ಹಾಕಿತು. ಹಿಮ್ಮುಖವಾಗಿ ಹಾರಿ ಇಂಜಿನ್ ಮೇಲಿನ ಕಬ್ಬಿಣದ ಅಂಚಿಗೆ ಬಿದ್ದಳು. ಬೆನ್ನುಹುರಿಗೆ ಪೆಟ್ಟು. ಸೊಂಟದಿಂದ ಕೆಳಗೆ ಈಗ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಕಂಪನಿಯಿಂದ ಒಂದು ಹೂಗುಚ್ಛ ಬಂತು. ಅದರ ಹಿಂದೆಯೇ ಎಲ್ಲ ಬಸ್ಸುಗಳಿಗೂ ಕಂಡಕ್ಟರ್ ಸೀಟು ಬಂತು. “ಬೆನ್ನು ಕೊಟ್ಟು ಸೀಟು ತಗೊಂಡೆ,” ಎಂದು ಅವಳು ನಗುತ್ತಿದ್ದಳು. ಆ ನಗುವನ್ನು ಕೇಳಲಾಗದೆ ಗಾಳಿಯಣ್ಣ ಅಂಗಡಿಗೆ ಹೋಗಿ, ಪಂಕ್ಚರ್ ಆಗದ ಟ್ಯೂಬುಗಳನ್ನೂ ನೀರಿನಲ್ಲಿ ಮುಳುಗಿಸಿ ನೋಡುತ್ತಿದ್ದ.

ಆಸ್ಪತ್ರೆಯ ವಾರ್ಡಿನಲ್ಲಿ ಅವಳ ಪಕ್ಕದ ಮಂಚದಲ್ಲಿ ಒಬ್ಬ ಶಾಲೆಯ ಮೇಡಂ ಇದ್ದರು. ಅವರ ಬೆನ್ನಿನ ಬುಡದಲ್ಲಿ ಮೊದಲು ಕೆಂಪು ಕಲೆಯಾಯಿತು, ಆಮೇಲೆ ಚರ್ಮ ಒಡೆದು ಹುಣ್ಣಾಯಿತು, ಆಮೇಲೆ ಹುಣ್ಣು ಮೂಳೆಯವರೆಗೂ ಇಳಿಯಿತು. ತಿಂಗಳುಗಟ್ಟಲೆ ಬೋರಲಾಗಿ ಮಲಗಿದ್ದು, ಒಂದು ಬೆಳಿಗ್ಗೆ ಮಂಚ ಖಾಲಿಯಾಯಿತು. ಪೊಲೀಸರಿಗಾಗಲಿ ಮ್ಯಾನೇಜರಿಗಾಗಲಿ ಎಂದೂ ಹೆದರದ ಕಂಡಕ್ಟ್ರಮ್ಮ ಆ ಖಾಲಿ ಮಂಚಕ್ಕೆ ಹೆದರಿದಳು. ಮನೆಗೆ ಹೊರಡುವ ದಿನ ಅವಳ ಬೆನ್ನಿನ ಬುಡದಲ್ಲೂ ಅಂಗಿಯ ಗುಂಡಿಯಷ್ಟು ಅಗಲದ ನಸುಗೆಂಪು ಕಲೆ ಕಂಡಿತು. “ಬೆರಳಿಂದ ಒತ್ತಿದ್ರೆ ಬೆಳ್ಳಗಾಗಿ ಮತ್ತೆ ಕೆಂಪಾಗ್ತಿದೆ, ಸದ್ಯಕ್ಕೆ ಪರವಾಗಿಲ್ಲ,” ಎಂದರು ಡಾಕ್ಟರು. “ಒತ್ತಿದ್ರೂ ಬಿಳಿ ಆಗ್ತಿಲ್ಲ ಅಂದ್ರೆ ಒಳಗೆ ಕೆಡೋಕೆ ಶುರುವಾಗಿದೆ ಅಂತ ಅರ್ಥ. ಚರ್ಮ ಒಡೆದ್ರೆ ಮತ್ತೆ ವಾರ್ಡಿಗೇ.” ವಾರ್ಡು ಎಂಬ ಮಾತಿಗೆ ಹೆಂಡತಿಯ ಕೈ ತನ್ನ ಕೈಯನ್ನು ಹುಡುಕಿಕೊಂಡು ಬಂದದ್ದು ಗಾಳಿಯಣ್ಣನಿಗೆ ಮರೆಯಲಿಲ್ಲ. ಆ ಕೈ ತಣ್ಣಗಿತ್ತು. ಆ ಚರ್ಮ ಒಡೆಯಬಾರದು, ಅಷ್ಟೆ. ಅವನ ಬಾಳೆಲ್ಲ ಈಗ ಆ ಒಂದು ಕಲೆಯ ಸುತ್ತಲೇ ಸುತ್ತುತ್ತಿತ್ತು.

ಕೊಂಡ ಹಾಸಿಗೆಯನ್ನು ಅವನು ಮೊದಲು ಒಯ್ದದ್ದು ಮನೆಗೆ ಅಂಟಿಕೊಂಡಿದ್ದ ತನ್ನ ಅಂಗಡಿಗೆ. ಹೊಸ ಮಾಲನ್ನು ಪರೀಕ್ಷೆ ಮಾಡದೆ ಹೆಂಡತಿಯ ಮೈಕೆಳಗೆ ಹಾಸುವುದುಂಟೇ? ಪಂಪು ಹಚ್ಚಿದ. ಟ್ಯೂಬುಗಳು ಉಬ್ಬಿದವು. ಬೇರೆ ಯಾರ ಕಿವಿಗೂ ಬೀಳದ ಒಂದು ತೆಳ್ಳನೆಯ ‘ಸ್ಸ್‌’ ಅವನ ಕಿವಿಗೆ ಬಿತ್ತು. ಸೋಪಿನ ನೀರು ಸವರಿ ನೋಡಿದ. ಟ್ಯೂಬುಗಳ ಬೆನ್ನ ಮೇಲೆ ಸಾಸಿವೆಯಂಥ ಗುಳ್ಳೆಗಳೆದ್ದವು. ಸೂಜಿಮೊನೆಯಷ್ಟು ಸಣ್ಣ ತೂತುಗಳು, ಒಂದಲ್ಲ ಎರಡಲ್ಲ, ಸಾಲು ಸಾಲು.

“ನೋಡಿದ್ಯಾ, ಟೈ ಕಟ್ಟಿದ ಕಳ್ಳ ಎಂಥ ಮಾಲು ಕೊಟ್ಟಿದಾನೆ.”

“ವಾಪಸ್ ಕೊಟ್ಟು ಬೇರೆ ತರೋಣ ಭಾವ.”

“ಪಂಕ್ಚರ್ ಆಗಿದೆ ಅಂತ ನಾನು ಇನ್ನೊಬ್ಬನ ಅಂಗಡಿ ಮೆಟ್ಟಿಲು ಹತ್ತೋದಾ? ನಾಳೆ ಈ ರಸ್ತೇಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ ನಾನು?”

ತೂತುಗಳೆಲ್ಲ ಅಳತೆಯಿಟ್ಟ ಹಾಗೆ ಒಂದೇ ಅಂತರದಲ್ಲಿದ್ದವು. ಅದು ಅವನ ಕಣ್ಣಿಗೂ ಬಿತ್ತು. ಪ್ಯಾಕಿಂಗ್ ಮಾಡಿದವನು ಪೆಟ್ಟಿಗೆಗೆ ಸಾಲಾಗಿ ಮೊಳೆ ಹೊಡೆದು ತೂರಿಸಿರಬೇಕು ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಬಲ್ಲ ಕೆಲಸ ಕೈಗೆ ಸಿಕ್ಕ ಖುಷಿಯಲ್ಲಿ ಅವನ ಬುದ್ಧಿ ರಜೆ ಹಾಕಿತ್ತು. ಇಷ್ಟು ದಿನ ಅವನು ಹೆಂಡತಿಗೆಂದು ಮಾಡಿದ್ದೆಲ್ಲ ಬರದ ಕೆಲಸವೇ: ಮಾತ್ರೆ ಎಣಿಸುವುದು, ಚಾದರ ಬದಲಿಸುವುದು, ಡಾಕ್ಟರ ಮುಂದೆ ಕೈಕಟ್ಟಿ ನಿಲ್ಲುವುದು. ಕೊನೆಗೂ ಒಂದು ಸಿಕ್ಕಿತು, ತನ್ನಷ್ಟು ಚೆನ್ನಾಗಿ ಇನ್ನಾರೂ ಮಾಡಲಾರದ್ದು. ಅಂಗಡಿ ಬಾಗಿಲನ್ನು ಅರ್ಧ ಎಳೆದು, ಗಿರಾಕಿಗಳನ್ನು ವಾಪಸ್ ಕಳಿಸಿ, ಒಂದೊಂದು ತೂತನ್ನೂ ಹುಡುಕಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಪ್ಯಾಚು ಒತ್ತಿದ. ಮೂಲೆ ಚುಚ್ಚಬಾರದೆಂದು ಪ್ಯಾಚುಗಳನ್ನು ಕೂಸಿನ ಉಗುರು ತೆಗೆಯುವವನ ಎಚ್ಚರದಲ್ಲಿ ದುಂಡಗೆ ಕತ್ತರಿಸಿದ. ಕೆಲಸ ಮುಗಿಸಿ ಮತ್ತೆ ಸೋಪಿನ ನೀರು ಸವರಿದರೆ ಒಂದೇ ಒಂದು ಗುಳ್ಳೆಯಿಲ್ಲ. ಪಂಪಿನ ಮೇಲೆ ಮೆತ್ತಗಿನಿಂದ ಗಟ್ಟಿಯವರೆಗೆ ತಿರುಗುವ ಗುಂಡಿಯಿತ್ತು. ಕಮ್ಮಿ ಗಾಳಿಯಲ್ಲಿ ಓಡಿ ಹಾಳಾದ ಟೈರುಗಳನ್ನೇ ದಿನವೂ ಕಾಣುವವನು ಅದನ್ನು ಕೊನೆಯವರೆಗೂ ತಿರುಗಿಸಿದ.

“ಹೇಗಿದೆ?” ಎಂದು, ಅದನ್ನು ಹೆಂಡತಿಯ ಮೈಕೆಳಗೆ ಹಾಸಿದ ದಿನದಿಂದ ಬಂದು ಹೋದಾಗಲೆಲ್ಲ ಕೇಳುವನು.

“ಸೊಂಟದಿಂದ ಕೆಳಗೆ ನಾನು ಗೈರುಹಾಜರು ಯಜಮಾನ್ರೇ, ಅಲ್ಲಿನ ವರದಿ ನನಗೆ ಬರಲ್ಲ. ಮೇಲಿನರ್ಧ ಕೇಳಿದ್ರೆ, ಹಳ್ಳದ ರಸ್ತೇಲಿ ಹಿಂದಿನ ಸೀಟಿನ ಪ್ರಯಾಣ.” ಗಂಡನನ್ನು ಅವಳು ‘ಯಜಮಾನ್ರೇ’ ಎನ್ನುವುದು ಡಿಪೋ ಮ್ಯಾನೇಜರನ್ನು ಕರೆಯುತ್ತಿದ್ದ ದನಿಯಲ್ಲೇ. ಅದರಲ್ಲಿ ಮರ್ಯಾದೆಗಿಂತ ಎಚ್ಚರಿಕೆ ಹೆಚ್ಚು.

“ಗಟ್ಟಿ ಇದ್ರೆ ಒಳ್ಳೇದು.”

“ಯಾರಿಗೆ?”

ಅವನು ಕೇಳಿಸದವನ ಹಾಗೆ ಹೊದಿಕೆ ಸರಿಮಾಡಿ ಅಂಗಡಿಗೆ ಹೋಗಿಬಿಡುತ್ತಿದ್ದ.

ವಾರಕ್ಕೊಮ್ಮೆ ಮನೆಗೆ ಬಂದು ನೋಡಿಹೋಗುವ ಒಬ್ಬ ನರ್ಸಮ್ಮ ಇದ್ದರು. ದಪ್ಪ ಕನ್ನಡಕ, ಅವರಷ್ಟೇ ದಣಿದ ಸ್ಕೂಟರು. ಮುಂದಿನ ಸಲ ಬಂದಾಗ ಕಂಡಕ್ಟ್ರಮ್ಮನನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಿನ ಬುಡವನ್ನು ಬೆಳಕಿಗೆ ಹಿಡಿದು ನೋಡಿದರು. ಗುಂಡಿಯಷ್ಟಿದ್ದ ಕಲೆ ಅಂಗೈಯಷ್ಟಾಗಿತ್ತು. ಬೆರಳಿನಿಂದ ಒತ್ತಿ ಎತ್ತಿದರು. ಕೆಂಪು ಕೆಂಪಾಗಿಯೇ ಉಳಿಯಿತು. ಮತ್ತೊಮ್ಮೆ ಒತ್ತಿದರು.

“ಬಿಳಿ ಆಗ್ತಿಲ್ಲ,” ಎಂದರು ಮೆಲ್ಲಗೆ.

ಗೋಡೆಗೆ ಮುಖ ಮಾಡಿ ಮಲಗಿದ್ದ ಕಂಡಕ್ಟ್ರಮ್ಮ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಚರ್ಮ ಇನ್ನೂ ಒಡೆದಿಲ್ಲ, ಹಿಡಿದು ನಿಲ್ಲಿಸ್ಬಹುದು,” ಎಂದರು ನರ್ಸಮ್ಮ. “ಆದ್ರೆ ಬೆನ್ನೆಲ್ಲ ಒದ್ದೆ ಯಾಕಿದೆ? ಈ ಥರದ ಹಾಸಿಗೇಲಿ ಹೀಗೆ ಬೆವರಬಾರದು. ಮೈ ಒಣಗಿರ್ಲಿ ಅಂತಾನೇ ಟ್ಯೂಬಿಗೆ ಸಣ್ಣ ಸಣ್ಣ ತೂತು ಬಿಟ್ಟಿರ್ತಾರಲ್ಲ, ಅದ್ರಿಂದ ಗಾಳಿ ಬರ್ತಾ ಇರಬೇಕು.”

ನಾದಿನಿ ಬಾಗಿಲಲ್ಲಿ ನಿಂತು ಗಾಳಿಯಣ್ಣನನ್ನೇ ನೋಡಿದಳು. ಅವನ ಬಾಯಿಂದ ಮಾತು ಹೊರಡುವ ಮೊದಲೇ ಕಂಡಕ್ಟ್ರಮ್ಮನ ಕೈ ಚಾದರದ ಕೆಳಗೆ ಇಳಿದಿತ್ತು. ಪಂಕ್ಚರ್ ಅಂಗಡಿಯವನ ಜೊತೆ ಸಂಸಾರ ಮಾಡಿದ ಕೈ ಅದು. ಒಂದು ದುಂಡನೆಯ ಉಬ್ಬಿನ ಮೇಲೆ ಬೆರಳು ನಿಂತಿತು, ಮುಂದೆ ಸರಿಯಿತು, ಇನ್ನೊಂದರ ಮೇಲೆ ನಿಂತಿತು.

“ಯಜಮಾನ್ರೇ.”

“ಹ್ಞೂ.”

“ಇದು ಪ್ಯಾಚು.”

“ಹ್ಞೂ.”

“ಇದೂ ಪ್ಯಾಚು.”

“ಅದೂ ಪ್ಯಾಚೇ.”

“ಒಟ್ಟು ಎಷ್ಟು ಸ್ಟಾಪಿಗೆ ಹಾಕಿದೀರಿ?”

“ಎಲ್ಲದಕ್ಕೂ,” ಎಂದ ಗಾಳಿಯಣ್ಣ.

ನರ್ಸಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಂಥದ್ದೇನೂ ಅದಕ್ಕೆ ಅಂಟಿರಲಿಲ್ಲ. ನಾದಿನಿ ಮೊದಲು ನಕ್ಕಳು, ನರ್ಸಮ್ಮನೂ ತಡೆಯಲಾರದೆ ನಕ್ಕರು, ಗೋಡೆಯ ಕಡೆಯಿಂದ ಕಂಡಕ್ಟ್ರಮ್ಮನ ಹೆಗಲೂ ಕುಲುಕಿತು. ಗಾಳಿಯಣ್ಣ ಮಾತ್ರ ನಗಲಿಲ್ಲ. ಅವಳ ಹೆಗಲು ಕುಲುಕುವುದು ನಿಂತಿತು.

“ನನ್ನನ್ನ ಕುರ್ಚಿಗೆ ಇಳಿಸಿ,” ಎಂದಳು. “ನೀವು ಮಲಗಿ.”

“ನಾನ್ಯಾಕೆ...”

“ಮಲಗಿ ಅಂದೆ. ಕಾಲು ಅಲ್ಲಾಡಿಸ್ಬಾರ್ದು. ಸೊಂಟ ಎತ್ತಬಾರ್ದು. ಸೊಳ್ಳೆ ಕಚ್ಚಿದ್ರೆ ಕಾಯ್ಬೇಕು, ಅಂಗಡೀಲಿ ಗಿರಾಕಿ ಮುಗಿಸ್ಕೊಂಡು ನಾನು ಬಂದು ಓಡಿಸೋವರೆಗೆ.”

ಮಲಗಿದ. ತನ್ನ ಕೈಯಾರೆ ಕಲ್ಲು ಮಾಡಿಟ್ಟ ಹಾಸಿಗೆ. ದುಂಡಗೆ ಕತ್ತರಿಸಿದ ಪ್ಯಾಚುಗಳು ಬೆನ್ನಿನ ಬುಡಕ್ಕೆ ಬೆಣಚುಕಲ್ಲಿನ ಹಾಗೆ ಒತ್ತಿದವು. ಕೊಂಚ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತು. ಸೊಂಟ ಸರಿಸಬೇಕೆಂದು ಮೈಯೆಲ್ಲ ಕೂಗುತ್ತಿತ್ತು. ಅವಳ ಮೈಗೆ ಆ ಕೂಗುವ ದನಿಯೇ ಇಲ್ಲವೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಏನೆಂದು ತಿಳಿದದ್ದು ಈಗ.

“ಸಾಕಾ?” ಎಂದ.

“ನನಗೆ ಸಾಕು ಅನ್ನೋಕೆ ಬರಲ್ಲ, ಗೊತ್ತಾಗಲ್ಲ. ನೀವೇ ಹೇಳಿ, ಸಾಕಾ?”

ಅವನು ಅಂಗೈಯಿಂದ ಕಣ್ಣು ಮುಚ್ಚಿಕೊಂಡ. “ನಿನಗೆ ತೊಂದ್ರೆ ಆಗ್ಬಾರ್ದು ಅಂತಲೇ ಕಣೇ...”

“ಸೀಟು ಕಿತ್ತವರೂ ಅದನ್ನೇ ಹೇಳಿದ್ರು. ನಿಂತ್ರೆ ಓಡಾಡೋಕೆ ನಿಮಗೇ ಸಲೀಸು ಅಂತ.” ಅವಳ ದನಿ ಏರಲಿಲ್ಲ. ಏರದ ದನಿಯನ್ನು ಅವನು ತಡೆದುಕೊಳ್ಳಲಾರ. “ನನ್ನ ಬೆನ್ನಿನ ಬಗ್ಗೆ ಕಂಪನಿ ಮೀಟಿಂಗ್ ಮಾಡ್ತು, ಆಸ್ಪತ್ರೆ ಮೀಟಿಂಗ್ ಮಾಡ್ತು, ಈಗ ನೀವು ಮತ್ತು ನನ್ನ ತಂಗಿ. ಒಬ್ಬರಾದ್ರೂ ನನ್ನ ಕೇಳಿದ್ರಾ? ಈ ಟ್ಯೂಬಿನ ಮೇಲೆ ಮೊಣಕೈ ಊರಿದ್ರೆ ಜಾರುತ್ತೆ. ನಾನಾಗಿ ಹೊರಳೋಣ ಅಂದ್ರೆ ಆಗಲ್ಲ. ಅದನ್ನ ಯಾರಿಗೆ ಹೇಳ್ಲಿ? ನೀವು ‘ಹೇಗಿದೆ’ ಅಂತ ಕೇಳಿ ಉತ್ತರ ಬರೋದ್ರೊಳಗೆ ಹೊರಟಿರ್ತೀರಿ.”

ಗಾಳಿಯಣ್ಣ ಎದ್ದು ಕೂತ. “ತಪ್ಪಾಯ್ತು” ಎಂದರೆ ಅವಳು ಇನ್ನಷ್ಟು ಬೈಯುತ್ತಾಳೆಂದು ಗೊತ್ತಿದ್ದೂ ಹೇಳಿದ. ಅವಳು ಬೈಯಲಿಲ್ಲ. “ಬೆವತು ತೊಪ್ಪೆಯಾಗಿದೀರಿ, ಅಂಗಿ ಬದಲಾಯಿಸ್ಕೊಳ್ಳಿ,” ಎಂದಳು.

ನರ್ಸಮ್ಮ ಹೇಳಿದ್ದು ಇಷ್ಟು. ಈ ಹಾಸಿಗೆ ಇವತ್ತೇ ತೆಗೆಯಬೇಕು. ಹಳೆಯದರ ಮೇಲೆ ಎಡಕ್ಕೆ ಬಲಕ್ಕೆ ಹೊರಳಿಸಿ, ಹಿಂದೆ ದಿಂಬು ಕೊಟ್ಟು ಮಲಗಿಸಬೇಕು, ಬೆನ್ನ ಮೇಲೆ ಮಾತ್ರ ಬೇಡ. ಆದಷ್ಟು ಬೇಗ ಬೇರೆ ಹಾಸಿಗೆ. ಅದನ್ನು ಪರೀಕ್ಷೆ ಮಾಡುವ ಬಗೆಯನ್ನೂ ಕಲಿಸಿದರು: ಆಕೆ ಮಲಗಿದ್ದಾಗ ಹಾಸಿಗೆಯ ಅಡಿಗೆ, ಸೊಂಟದ ನೇರಕ್ಕೆ ಕೈ ತೂರಿಸಬೇಕು. ಮೂಳೆಯ ಗುದ್ದು ಕೈಗೆ ತಾಗಿದರೆ ಹಾಸಿಗೆ ತಳ ಹಿಡಿದಿದೆ, ಬೇಡ. ಕೈಗೂ ಮೂಳೆಗೂ ನಡುವೆ ಮೆತ್ತನೆ ದಪ್ಪ ಉಳಿದಿದ್ದರೆ ಆಗಬಹುದು. ಅವಳನ್ನು ಹಳೆಯ ಹಾಸಿಗೆಗೆ ಬದಲಿಸಿದ ಮೇಲೆ ಗಾಳಿಯಣ್ಣ ಅಲ್ಲೇ ಮಾಡಿ ನೋಡಿದ. ಸೊಲ್ಯೂಷನ್ನು, ಸ್ಪ್ಯಾನರು ತಿಂದು ಹಾಕಿದ ಅಂಗೈ ಚಪ್ಪಲಿಯ ಅಟ್ಟೆಯ ಹಾಗಿತ್ತು, ಏನೂ ತಿಳಿಯಲಿಲ್ಲ. ಕೈ ತಿರುಗಿಸಿ ಹಿಂಗೈಯನ್ನು ಮೇಲೆ ಮಾಡಿದ. ಅಲ್ಲಿ ಇನ್ನೂ ಚರ್ಮ ಜೀವಂತವಾಗಿತ್ತು.

“ಅಂಗಡಿಗೆ ಈ ಸಲ ನಾನೂ ಬರ್ತೀನಿ,” ಎಂದಳು ಕಂಡಕ್ಟ್ರಮ್ಮ.

“ನೆಟ್ಟಗೆ ಕೂತ್ರೆ ಆ ಕಲೆ ಮೇಲೆ ಭಾರ ಬೀಳಲ್ಲ,” ಎಂದರು ನರ್ಸಮ್ಮ. “ಜಾರಿ ಕೂರ್ಬೇಡಿ. ಬೇಗ ಬಂದುಬಿಡಿ.”

“ಜೀವಮಾನದಲ್ಲಿ ನಾನು ಜಾರಿ ಕೂತವಳಲ್ಲ. ಕೂರೋಕೆ ಕೊಟ್ಟಿದ್ರೆ ತಾನೇ.”

ಗುರುತಿನ ಟೆಂಪೊದವನು ಗಾಲಿಕುರ್ಚಿ ಸಮೇತ ಅವಳನ್ನು ಕರೆತಂದು ಅಂಗಡಿಯೆದುರು ಇಳಿಸಿದ. ಇಳಿದ ಮೇಲೆ ಎಲ್ಲರೂ ತಲೆ ಎತ್ತಿ ನೋಡಿದರು. ಗಾಲಿಕುರ್ಚಿ ಮಾರುವ ಅಂಗಡಿಗೆ ಹೊಳೆಯುವ ಗ್ರಾನೈಟಿನ ಮೆಟ್ಟಿಲು, ಇಳಿಜಾರೊಂದು ಮಾತ್ರ ಇಲ್ಲ. ಮೊದಲ ಸಲ ಬಂದಾಗ ಗಾಳಿಯಣ್ಣ ಆ ಮೆಟ್ಟಿಲನ್ನು ನೋಡಿಯೇ ಇರಲಿಲ್ಲ. ಕಾಲಿದ್ದವನಿಗೆ ಅದು ಕಾಣುವ ವಸ್ತುವೇ ಅಲ್ಲ.

“ಎತ್ಕೊಂಡು ಹೋಗ್ಬಿಡೋಣ ಬಿಡಕ್ಕ,” ಎಂದ ಟೆಂಪೊದವನು.

“ನಾನು ಸಾಮಾನಲ್ಲ. ಸಾಮಾನು ಕೆಳಗೆ ಬರ್ಲಿ.”

ಸೇಲ್ಸ್‌ಮನ್ ಬಾಗಿಲಿಗೆ ಬಂದ. “ಮೇಡಂ, ಫುಟ್‌ಪಾತ್ ಮೇಲೆ ಹಾಸಿಗೆ ತೋರಿಸೋಕೆ ನಮ್ಮಲ್ಲಿ ರೂಲ್ಸ್ ಇಲ್ಲ.”

“ಗಾಲಿ ಹತ್ತದ ಮೆಟ್ಟಿಲು ಕಟ್ಟಿ ಗಾಲಿಕುರ್ಚಿ ಮಾರೋಕೆ ರೂಲ್ಸ್ ಇದೆಯಾ?”

ದಾರಿಹೋಕರು ಒಬ್ಬಿಬ್ಬರು ನಿಂತರು. ಸೇಲ್ಸ್‌ಮನ್ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದ. ಕಂಡಕ್ಟ್ರಮ್ಮನ ಕಣ್ಣು ಅದನ್ನು ಹಿಡಿಯಿತು. ನಿಂತೇ ದುಡಿಯುವವರು ಭಾರ ಬದಲಿಸುವ ಬಗೆ ಅವಳಿಗೆ ಚೆನ್ನಾಗಿ ಗೊತ್ತು.

“ನಿಮಗೆ ಒಳಗೆ ಕೂರೋಕೆ ಸ್ಟೂಲು ಕೊಟ್ಟಿದಾರಾ?”

ಅವನು ಹಿಂತಿರುಗಿ ಕ್ಯಾಶ್ ಕೌಂಟರಿನ ಕಡೆ ನೋಡಿ, ದನಿ ತಗ್ಗಿಸಿದ. “ಇಲ್ಲ ಮೇಡಂ. ಗಿರಾಕಿ ಇದ್ದಾಗ ಕೂರೋ ಹಾಗಿಲ್ಲ.”

“ಇಲ್ಲದಾಗ?”

“ಬರಬಹುದು ಅಂತ ಕೂರೋ ಹಾಗಿಲ್ಲ.”

“ಕಾಲು ಊದುತ್ತಾ?”

“ಸಂಜೆ ಹೊತ್ತಿಗೆ ಶೂ ಬಿಚ್ಚೋಕೆ ಬರಲ್ಲ.”

ಆಮೇಲೆ ಅವನು ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ಒಳಗೆ ಹೋದ. ಕಂಬಿಯಿರುವ ಕಬ್ಬಿಣದ ಮಂಚವನ್ನು ತಾನೇ ಒಂದು ಕಡೆ ಹಿಡಿದು, ಟೆಂಪೊದವನಿಂದ ಇನ್ನೊಂದು ಕಡೆ ಹಿಡಿಸಿ, ಮೆಟ್ಟಿಲಿಳಿಸಿ ಫುಟ್‌ಪಾತಿನ ಮೇಲಿಟ್ಟ. ಹಿಂದೆಯೇ ಹಾಸಿಗೆಗಳು ಬಂದವು.

ಹಾಗೆ ಹಾಡಹಗಲಲ್ಲಿ, ನಡುಬೀದಿಯಲ್ಲಿ, ಕಂಡಕ್ಟ್ರಮ್ಮ ಹಾಸಿಗೆ ಆರಿಸತೊಡಗಿದಳು. ಒಂದು ಕಾಲದಲ್ಲಿ ಗೇಟಿನ ಮುಂದೆ ಕೂತು ಧರಣಿ ಮಾಡಿದವಳು ಈಗ ಮಲಗಿ ಮಾಡುತ್ತಿದ್ದಾಳೆ ಎಂದಳು ನಾದಿನಿ, ಅಕ್ಕನ ಬಟ್ಟೆ ಸರಿಮಾಡುತ್ತ. ನಿಂತು ನೋಡುವವರಿಗೆ ಕಂಡಕ್ಟ್ರಮ್ಮ, “ಮುಂದೆ ಹೋಗಿ, ಮುಂದೆ ಖಾಲಿ ಇದೆ,” ಎಂದಳು. ಹೋದವರು ಕೆಲವರು. ಒಬ್ಬ ಮುದುಕಪ್ಪ ಮಾತ್ರ ಊರುಗೋಲು ಊರಿ ಉಳಿದುಕೊಂಡು, “ನನಗೂ ಇಂಥದ್ದೇ ಬೇಕಿತ್ತು, ಮಗ ಯಾವುದೋ ತಂದು ಹಾಸಿದಾನೆ,” ಎಂದು ಯಾರಿಗೋ ಹೇಳಿಕೊಂಡ.

ಮೊದಲು ತೂತಿಲ್ಲದ ಗಾಳಿಹಾಸಿಗೆ. ಗಾಳಿಯಣ್ಣ ಈ ಸಲ ಅದನ್ನು ಬಾರಿಸಲಿಲ್ಲ. ಮೊಣಕಾಲೂರಿ ಕೂತು, ಅಡಿಗೆ ಹಿಂಗೈ ತೂರಿಸಿ, “ಮೂಳೆ ತಾಗ್ತಿಲ್ಲ, ಇದು ಆಗುತ್ತೆ,” ಎಂದ ಆಸೆಯಿಂದ. ಅವಳು ಕಂಬಿ ಹಿಡಿದು, ಮೊಣಕೈ ಊರಿ ಹೊರಳಲು ನೋಡಿದಳು. ಮೊಣಕೈ ಹೂತುಹೋಯಿತು. ಮತ್ತೆ ನೋಡಿದಳು. ಆಗಲಿಲ್ಲ. ತಲೆಯಾಡಿಸಿದಳು.

ಆಮೇಲೆ ಫೋಮು. ಅಂಚು ಗಟ್ಟಿ, ನಡುವೆ ಮೆತ್ತಗೆ. ಕಂಬಿ ಹಿಡಿದಳು, ಮೊಣಕೈ ಊರಿದಳು, ಅದು ನಿಂತಿತು. ಓಡುವ ಬಸ್ಸಿನ ಕಂಬಿಗೆ ವರ್ಷಾನುಗಟ್ಟಲೆ ಜೋತಾಡಿದ ತೋಳು ಬಿಗಿಯಿತು. ಎದೆ ತಿರುಗಿತು, ಎದೆಯ ಹಿಂದೆ ಸೊಂಟ ಎಳೆದುಕೊಂಡು ಬಂತು, ಕಾಲುಗಳು ಮಾತ್ರ ತಡವಾಗಿ ಬಂದವು. ಮಗ್ಗುಲಾದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಇದು,” ಎಂದಳು.

“ಬೇಡ ಕಣೇ,” ಎಂದ ಗಾಳಿಯಣ್ಣ. ಸುತ್ತ ಜನ ಇರುವುದನ್ನೂ ಮರೆತ. “ಇದಕ್ಕೆ ಪಂಪಿಲ್ಲ, ಏನಿಲ್ಲ. ನೀನು ಹೊರಳೋದು ಮರೆತ್ರೆ? ನಿದ್ದೆ ಹತ್ತಿದ್ರೆ? ಆ ಮೇಡಂಗೆ ಆದ ಹಾಗೆ...”

“ಆ ಮೇಡಂನ ಯಾರೂ ಹೊರಳೋಕೆ ಬಿಡ್ಲಿಲ್ಲ. ಅಲ್ಲಾಡ್ಬೇಡಿ ಅಲ್ಲಾಡ್ಬೇಡಿ ಅಂತ ಹೇಳಿ ಹೇಳಿ ಮಲಗಿಸಿಟ್ರು.” ಅವಳು ಅವನ ಮುಂಗೈ ಹಿಡಿದಳು. ಇವತ್ತು ಆ ಕೈ ಬೆಚ್ಚಗಿತ್ತು. “ನಿದ್ದೆ ಹತ್ತಿದ್ರೆ ಎಬ್ಬಿಸೋಕೆ ನೀವಿದ್ದೀರಿ. ಎಬ್ಬಿಸಿ. ಹೊರಳೋದು ನಾನು ಹೊರಳ್ತೀನಿ. ಈಗ ಕೈ ಹಾಕಿ ನೋಡಿ. ನನ್ನ ಬೆನ್ನಿಗೆ ಬಾಯಿಲ್ಲ, ನಿಮ್ಮ ಕೈಯೇ ಸಾಕ್ಷಿ ಹೇಳ್ಬೇಕು. ಆದ್ರೆ ನಿಜ ಹೇಳಿ. ಪಂಪು ಸಿಗಲಿ ಅಂತ ಸುಳ್ಳು ಹೇಳ್ಬೇಡಿ.”

ಅವಳು ಬೆನ್ನ ಮೇಲೆ ಬಂದಳು. ಅವನು ಫೋಮಿನ ಅಡಿಗೆ ಹಿಂಗೈ ತೂರಿಸಿದ. ಮೂಳೆ ತಾಗಲಿ, ಆಗ ಬೇಡವೆನ್ನಬಹುದು ಎಂದು ಅವನ ಅರ್ಧ ಮನಸ್ಸು ಕಾಯುತ್ತಿತ್ತು. ಕೈಯನ್ನು ಅತ್ತ ಇತ್ತ ಸರಿಸಿದ. ಅವಳ ಭಾರ ಮೇಲೆಲ್ಲೋ ಹರಡಿಹೋಗಿತ್ತು. ಕೈಗೂ ಅವಳಿಗೂ ನಡುವೆ ಮೆತ್ತನೆಯ ದಪ್ಪ ಉಳಿದೇ ಇತ್ತು. ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು.

“ತಾಗ್ತಿಲ್ಲ,” ಎಂದ.

“ಯಾವುದಕ್ಕೂ ನಾನೂ ನೋಡ್ತೀನಿ,” ಎಂದು ನಾದಿನಿ ಕೈ ತೂರಿಸಿದಳು. ಅವಳದೂ ಅದೇ ತೀರ್ಪು.

ಪ್ಯಾಚು ಹಾಕಿದ ಹಾಸಿಗೆಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ತೂತಿರುವ ಮಾಲು ಕೊಡುವಾಗ ತೂತು ಯಾಕಿದೆಯೆಂದು ಹೇಳಬೇಕಿತ್ತೋ ಇಲ್ಲವೋ ಎಂದು ಕಂಡಕ್ಟ್ರಮ್ಮ ಕೌಂಟರಿಗೆ ಕೇಳುವ ಹಾಗೆ ಬೀದಿಯಿಂದಲೇ ವಿಚಾರಣೆ ನಡೆಸಿದ ಮೇಲೆ, ಪಂಪನ್ನು ತೆಗೆದುಕೊಂಡು ಫೋಮು ಕೊಟ್ಟರು. ಹೊರಡುವಾಗ ಅವಳು ಸೇಲ್ಸ್‌ಮನ್ನನ್ನು ಹತ್ತಿರ ಕರೆದು, “ಸ್ಟೂಲು ಬೇಕು ಅಂತ ಎಲ್ಲ ಅಂಗಡಿಗಳ ಕೆಲಸದವರೂ ಸೇರಿ ಕೇಳಿ, ಒಬ್ಬರೇ ಕೇಳ್ಬೇಡಿ,” ಎಂದಳು. ಟೆಂಪೊ ತಿರುವು ದಾಟುವವರೆಗೂ ಅವನು ಆ ಮೆಟ್ಟಿಲ ಮೇಲೆಯೇ ನಿಂತು ನೋಡುತ್ತಿದ್ದ.

ಆಮೇಲಿನ ದಿನಗಳಲ್ಲಿ ಗಾಳಿಯಣ್ಣನ ಅಂಗಡಿಯಲ್ಲಿ ಕೆಲಸ ನಡುನಡುವೆ ನಿಲ್ಲುತ್ತಿತ್ತು. ಜಾಕಿಯ ಮೇಲೆ ಕಾರಿರಲಿ, ನೀರಿನಲ್ಲಿ ಟ್ಯೂಬಿರಲಿ, ಅವಳು ಹೊರಳುವ ಹೊತ್ತಾಯಿತೆಂದರೆ ಕೈ ಒರೆಸಿಕೊಂಡು ಒಳಗೋಡುವನು. ಕೆಲವೊಮ್ಮೆ ಅವಳು ಆಗಲೇ ಹೊರಳಿರುತ್ತಿದ್ದಳು. ಕೆಲವೊಮ್ಮೆ ತೋಳು ಸೋತು ಅರ್ಧಕ್ಕೇ ನಿಂತು, ಯಾರನ್ನೋ ಬೈಯುತ್ತಿರುತ್ತಿದ್ದಳು. ಆಗಲೂ ಕರೆಯುವವರೆಗೆ ಮುಟ್ಟಬಾರದೆಂಬುದು ಕರಾರು. ಕರಾರು ಪಾಲಿಸುವುದು ಲಾರಿ ಟೈರು ಎತ್ತುವುದಕ್ಕಿಂತ ಕಷ್ಟವಾಗಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದ.

ನರ್ಸಮ್ಮ ಬಂದರು. ಕಂಡಕ್ಟ್ರಮ್ಮ ಗೋಡೆಗೆ ಮುಖ ಮಾಡಿ ಮಲಗಿದಳು. ಕಲೆಯ ಅಗಲ ಇಳಿದಿತ್ತು, ಬಣ್ಣ ಮಾಸಿತ್ತು. ನರ್ಸಮ್ಮ ಬೆರಳು ಮುಂದೆ ಮಾಡಿದವರು, ಏನನ್ನಿಸಿತೋ, ಹಿಂದಕ್ಕೆ ತೆಗೆದುಕೊಂಡರು.

“ನೀವೇ ಒತ್ತಿ.”

ಗಾಳಿಯಣ್ಣ ಸೋಪು ಹಚ್ಚಿ ಕೈ ತೊಳೆದು ಬಂದು, ಬೆರಳಿನ ತುದಿಯನ್ನು ಇಟ್ಟ. ಒತ್ತಿದ. ತೆಗೆಯಲು ಧೈರ್ಯ ಸಾಲದೆ ಹಾಗೇ ಇಟ್ಟುಕೊಂಡಿದ್ದ.

“ತೆಗೀರಿ ಭಾವ,” ಎಂದಳು ನಾದಿನಿ.

ತೆಗೆದ. ಬೆರಳಿದ್ದಷ್ಟು ಜಾಗ ಬೆಳ್ಳಗೆ ಉಳಿಯಿತು. ಆಮೇಲೆ ಅಂಚಿನಿಂದ ರಕ್ತ ಮೆಲ್ಲಗೆ ಮರಳಿ ಬಂದು ಅದನ್ನು ತುಂಬಿಕೊಂಡಿತು.

“ಏನಾಯ್ತು?” ಎಂದಳು ಕಂಡಕ್ಟ್ರಮ್ಮ ಗೋಡೆಗೆ. “ಒತ್ತಿದ್ರಾ? ಯಾಕೆ ಎಲ್ಲರೂ ಬಾಯಿಗೆ ಬೀಗ ಹಾಕ್ಕೊಂಡಿದೀರಿ?”

“ಬೆಳ್ಳಗಾಯ್ತು,” ಎಂದ ಗಾಳಿಯಣ್ಣ.

“ಆಮೇಲೆ?”

“ಆಮೇಲೆ ಕೆಂಪಾಯ್ತು.”

ಅವಳ ಬೆನ್ನು ಒಮ್ಮೆ ಉಬ್ಬಿ ನಿಧಾನವಾಗಿ ಇಳಿಯಿತು. ಕೈ ಮೇಲೆದ್ದು ಮಂಚದ ಕಂಬಿಯನ್ನು ಹುಡುಕಿ ಹಿಡಿಯಿತು. ಅವನ ಕೈಗಳು ತಾವಾಗಿ ಮುಂದೆ ಹೋದವು.

“ಕೈ ತೆಗೀರಿ.”

ತೆಗೆದ. ಅವಳು ಮೊಣಕೈ ಊರಿದಳು, ಉಸಿರು ಬಿಗಿಹಿಡಿದಳು, ಹೊರಳಿದಳು. ಗೋಡೆಯ ಕಡೆಗಿದ್ದ ಮುಖ ಅವನ ಕಡೆಗೆ ಬಂತು. ಹಣೆಯಲ್ಲಿ ಬೆವರು, ಕೂದಲು ಬಾಯಿಗೆ ಬಂದಿತ್ತು. ಅದನ್ನು ಉಫ್ ಎಂದು ಊದಿಕೊಂಡು ಗಂಡನ ಮುಖವನ್ನು ಕೊಂಚ ಹೊತ್ತು ನೋಡಿದಳು.

“ಈ ಮುಖ ಇಟ್ಕೊಂಡು ಅಂಗಡಿಗೆ ಹೋಗ್ಬೇಡಿ, ಗಿರಾಕಿಗಳು ಹೆದರ್ತಾರೆ,” ಎಂದಳು. “ಮುಂದಿನ ಸಲ ಹೊರಳೋಕೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ಎಲ್ಲರಿಗೂ ಚಹಾ ಮಾಡ್ಕೊಂಡು ಬನ್ನಿ.”